ಸಹಾಯ ಬೇಕು: ಹೊಸ ಕಾರಿಗೆ ಹಳೆಯ ಟೈರ್?

ಮೊನ್ನೆ ಹೊಸ ಕಾರು ಬಂತು. ಪೂಜೆಯಾದ ಮೇಲೆ ಟೈರ್‌ಗಳ ಬದಿಯಲ್ಲಿರುವ ನಾಲ್ಕಂಕಿಯ ತಯಾರಿಕಾ ಗುರುತು ನೋಡಿದೆ. ಮೂರರಲ್ಲಿ 1025, ಅಂದರೆ 2025ರ ಹತ್ತನೇ ವಾರ. ಹಿಂದಿನ ಎಡ ಟೈರ್‌ನಲ್ಲಿ ಮಾತ್ರ 3123! ಅದೇ ಚಕ್ರದ ಅಲಾಯ್ ಅಂಚಿನಲ್ಲಿ ಉಜ್ಜಿದ ಗುರುತೂ ಇದೆ. ‘ಎಲ್ಲವೂ ಕಾರ್ಖಾನೆಯಿಂದ ಬಂದದ್ದೇ ಸರ್’ ಎನ್ನುತ್ತಾರೆ ಶೋರೂಮಿನವರು. ನನಗಂತೂ ನಂಬಿಕೆಯಿಲ್ಲ.

ಗಾಳಿಯೂ ಹೆಚ್ಚಿತ್ತು, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ ಟೈರ್‌ಗಳಲ್ಲಿ 42. ತಣ್ಣಗಿರುವಾಗ ಅಳೆದು ಇಳಿಸಿದ್ದೇನೆ, ಅದರ ಚಿಂತೆಯಿಲ್ಲ.

ನೋಂದಣಿ ಮುಗಿದಿದೆ. ಈಗ ಟೈರ್ ಬದಲಿಸಿ ಕೊಡುವಂತೆ ಪಟ್ಟು ಹಿಡಿಯಬಹುದೇ? ಟೈರ್ ವಾರಂಟಿಗೆ ಟೈರ್ ಕಂಪನಿಯವರನ್ನೇ ಕೇಳಿ ಎಂದು ಸಾಗಹಾಕುತ್ತಿದ್ದಾರೆ. ಲಿಖಿತ ದೂರು ಕೊಟ್ಟು ಬದಲಿಸಿಕೊಂಡವರು ಯಾರಾದರೂ ಇದ್ದರೆ, ಫೋಟೊಗಳಲ್ಲದೆ ಇನ್ನೇನು ದಾಖಲೆ ಕೊಟ್ಟಿರೆಂದು ದಯವಿಟ್ಟು ತಿಳಿಸಿ.