ಅಂಗಳದಲ್ಲೇ ಪಿಕಪ್ ಎತ್ತಿ ಪಾಟಾ ಬದಲಿಸಬಹುದಾ? – ಉಸ್ತಾದರಿಗೆ ಕೇಳಿ

ಪ್ರಶ್ನೆ (ಜೇವರ್ಗಿ ಕಡೆಯಿಂದ): ಶರಣ್ರೀ ಉಸ್ತಾದ್. ತೊಗರಿ ಚೀಲ ಹೇರಿಕೊಂಡು ಕಲಬುರಗಿ ಗಂಜ್ ಮಾರುಕಟ್ಟೆಗೆ ಹೋಗುವಾಗ ನಮ್ಮ ಪಿಕಪ್‌ನ ಹಿಂದಿನ ಎಡಗಡೆ ಮೇನ್ ಪಾಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಕಟ್ ಆಯ್ತು. ಹೊಸ ಪಾಟಾ ತಂದಿದ್ದೇನೆ. ಸ್ಪ್ಯಾನರ್ ಸೆಟ್ ಇದೆ, ತಮ್ಮನೂ ಇದ್ದಾನೆ. ಮನೆ ಮುಂದೆ ಫರಸಿ ಹಾಸಿದ ಅಂಗಳ. ಗಾಡಿ ಜೊತೆ ಬಂದ ಜಾಕ್‌ನಿಂದ ಎತ್ತಿ, ಕೆಳಗೆ ಸಿಮೆಂಟ್ ಬ್ಲಾಕ್ ಇಟ್ಟುಕೊಂಡರೆ ಸಾಕಾಗುತ್ತಾ?

ಉತ್ತರ: ಶರಣು ತಮ್ಮಾ. ಸಾಕಾಗಲ್ಲ. ಪಾಟಾ ಕೆಲಸ ನಿಮ್ಮ ಕೈಯಲ್ಲಿ ಆಗುತ್ತೆ, ಆ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ನಿಮ್ಮ ಅಂಗಳದ ಬಗ್ಗೆ.

ಫರಸಿ ಅಂದರೆ ನಮ್ಮ ಶಹಾಬಾದ್ ಕಲ್ಲು, ಪದರ ಪದರ ಇರುವ ಸುಣ್ಣದ ಕಲ್ಲು. ನಡೆದಾಡಲು, ಕಾಳು ಒಣಗಿಸಲು ತಲೆಮಾರು ಬಾಳುತ್ತೆ. ಆದರೆ ಹಾಸು ದಪ್ಪ ಇರೋದು ಒಂದೆರಡು ಇಂಚು. ಅದರ ಕೆಳಗೆ ಒಂದಿಷ್ಟು ಮರಳು, ಅದರ ಕೆಳಗೆ ಎರೆ ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಹಾಗಾಗಿ ಫರಸಿ ಅಡಿಯಲ್ಲಿ ಎಲ್ಲೋ ಒಂದು ಕಡೆ ಪೊಳ್ಳು ಬಿದ್ದಿರುತ್ತೆ. ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಇದ್ದಲ್ಲಿ ಟಕ್ ಟಕ್, ಪೊಳ್ಳು ಇದ್ದಲ್ಲಿ ಡಬ್ ಡಬ್ ಅನ್ನುತ್ತೆ.

ನಾನು ಕೆಲಸ ಕಲಿಯುವಾಗ ಇಂಥದೇ ಅಂಗಳದಲ್ಲಿ ಒಂದು ಗಾಡಿ ಎತ್ತಿದ್ದೆವು. ಚಕ್ರ ಬಿಚ್ಚಿ ಆಗಿತ್ತು. ನಾನು 19ರ ಸ್ಪ್ಯಾನರ್ ತರಲು ಈಚೆ ಬಂದೆ. ಹಿಂದೆ ಹಪ್ಪಳ ಮುರಿದ ಹಾಗೆ ಸಣ್ಣ ಸದ್ದಾಯಿತು, ಅಷ್ಟೇ. ತಿರುಗಿ ನೋಡಿದರೆ ಜಾಕ್ ಫರಸಿ ಒಡೆದು ಓರೆಯಾಗಿತ್ತು, ಬ್ರೇಕ್ ಡ್ರಮ್ ನೆಲಕ್ಕೆ ಕೂತಿತ್ತು. ಆಗಷ್ಟೇ ನನ್ನ ಎಡಗೈ ಅದೇ ಡ್ರಮ್ ಕೆಳಗಿತ್ತು. ಇವತ್ತಿಗೂ ಅಂಗಳದಲ್ಲಿ ಗಾಡಿ ಎತ್ತುವ ಮೊದಲು ನೆಲ ತಟ್ಟುತ್ತೇನೆ.

ಅದಕ್ಕೆ ಕಾಂಕ್ರೀಟ್ ಹಾಕಿದ ಸಮತಟ್ಟು ಜಾಗ ಹುಡುಕಿ. ಸಿಗದಿದ್ದರೆ ಎರಡು ಹಾಸು ಫರಸಿ ಎಬ್ಬಿಸಿ, ಮಣ್ಣು ಒಣಗಿದೆಯಾ ನೋಡಿ, ಚೆನ್ನಾಗಿ ದಮ್ಮಸು ಮಾಡಿ. ಅದರ ಮೇಲೆ ಎರಡು ಇಂಚು ದಪ್ಪ, ಒಂದೂವರೆ ಅಡಿ ಚೌಕದ ಗಟ್ಟಿ ಹಲಗೆ, ಹಲಗೆ ಮೇಲೆ ಕಬ್ಬಿಣದ ಪ್ಲೇಟ್. ಮಳೆ ಬಿದ್ದು ಮಣ್ಣು ಹಸಿಯಾಗಿದ್ದರೆ ಆ ದಿನ ಕೆಲಸ ಬೇಡವೇ ಬೇಡ. ಡಾಂಬರ್ ರಸ್ತೆಯೂ ಬೇಡ, ನಮ್ಮ ಬಿಸಿಲಿಗೆ ಮೆತ್ತಗಾಗಿ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊರುವ ಕಬ್ಬಿಣದ ಆಸರೆ) ಕಾಲು ಒಳಗೆ ಇಳಿಯುತ್ತೆ.

ಸಿಮೆಂಟ್ ಬ್ಲಾಕ್ ಮಾತೇ ಬೇಡ. ಗೋಡೆಯಲ್ಲಿ ಭಾರ ಎಲ್ಲಾ ಕಡೆ ಹಂಚಿ ಹೋಗುತ್ತೆ, ಇಲ್ಲಿ ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಅಂಚು ಒಂದೇ ಕಡೆ ಒತ್ತುತ್ತೆ. ಮೊದಲು ಬಿರುಕೂ ಕಾಣಲ್ಲ, ಒಮ್ಮೆಲೇ ಪುಡಿಯಾಗುತ್ತೆ. ಜಾಕ್ ಸ್ಟ್ಯಾಂಡ್ ಒಂದು ಜೋಡಿ ಬೇಕೇ ಬೇಕು. ತರುವ ಮೊದಲು ನೆಲದಿಂದ ಚಾಸಿಗೆ ಎಷ್ಟು ಎತ್ತರ ಅಂತ ಟೇಪ್ ಹಿಡಿಯಿರಿ. 3 ಟನ್ ಸ್ಟ್ಯಾಂಡ್ ಸಾಮಾನ್ಯವಾಗಿ 40 ಸೆಂಟಿಮೀಟರ್ ಆಸುಪಾಸಿಗೆ ನಿಲ್ಲುತ್ತೆ. ಪಿಕಪ್ ಚಾಸಿ ಅದಕ್ಕಿಂತ ಮೇಲಿರುತ್ತೆ. ಅದಕ್ಕೇ ಭಾರಕ್ಕಲ್ಲ, ಎತ್ತರಕ್ಕಾಗಿ 6 ಟನ್‌ದು ತನ್ನಿ. ಬಾಡಿಗೆಗೋ ಪರಿಚಯದವರಿಂದಲೋ ತಂದರೂ ಆಯ್ತು.

ಇನ್ನು ಸ್ಟ್ಯಾಂಡ್ ಎಲ್ಲಿ ಕೊಡಬೇಕು? ಇಲ್ಲಿ ಎಷ್ಟೋ ಜನ ತಪ್ಪುತ್ತಾರೆ. ಟೈರ್ ಬದಲಿಸಲು, ಎರಡು ಚಕ್ರ ಜೋಡಿಸುವ ಆಕ್ಸಲ್ ಕೆಳಗೆ ಕೊಟ್ಟರೆ ನಡೆಯುತ್ತೆ. ಪಾಟಾ ಕೆಲಸಕ್ಕೆ ನಡೆಯಲ್ಲ. ಯಾಕಂದರೆ ಬಾಡಿಯ ಭಾರ ಪಾಟಾ ಮೂಲಕವೇ ಆಕ್ಸಲ್‌ಗೆ ಬರೋದು. ಪಾಟಾವನ್ನು ಆಕ್ಸಲ್‌ಗೆ ಬಿಗಿದ ಯು ಬೋಲ್ಟ್, ಚಾಸಿಗೆ ಜೋಡಿಸಿದ ಶ್ಯಾಕಲ್ ಬಿಚ್ಚಿದ ಕೂಡಲೇ ಚಾಸಿ ಕೆಳಗೆ ಬರುತ್ತೆ. ಆದ್ದರಿಂದ ಎರಡೂ ಸ್ಟ್ಯಾಂಡ್ ಚಾಸಿಗೆ, ಪಾಟಾದ ಮುಂದಿನ ಬ್ರಾಕೆಟ್‌ಗಿಂತ ಸ್ವಲ್ಪ ಮುಂದೆ ಕೊಡಿ. ಜಾಕ್ ಬೇರೆ, ಅದು ಆಕ್ಸಲ್ ಕೆಳಗೆ ಇರಲಿ, ಆಕ್ಸಲ್ ಏರಿಸಿ ಇಳಿಸಲು ಮಾತ್ರ. ಬ್ರೇಕ್ ಪೈಪ್ ಎಳೆದು ಬಿಗಿಯಾಗುವಷ್ಟು ಇಳಿಸಬೇಡಿ.

ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ, ಒಳಗೆ ಹೋಗುವ ಮೊದಲು, ಹೊರಗೆ ನಿಂತು ಗಾಡಿಯನ್ನು ಅಲುಗಾಡಿಸಿ ನೋಡಿ. ಬಿಚ್ಚಿದ ಚಕ್ರವನ್ನೂ ಚಾಸಿ ಕೆಳಗೆ ಮಲಗಿಸಿ ಇಡಿ.

ಪ್ರಶ್ನೆ (ಭಾಲ್ಕಿಯಿಂದ): ಕಾಕಾ, ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರೆ ಗಾಡಿ ಸರಿಯಲ್ಲ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಈ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು. ಗೇರ್ ಹಿಡಿಯೋದೂ ಅವನ್ನೇ. ಆ ಎರಡನ್ನೂ ಗಾಳಿಗೆ ಎತ್ತಿದ ಮೇಲೆ ನೆಲದಲ್ಲಿ ಉಳಿಯೋದು ಮುಂದಿನ ಎರಡು ಚಕ್ರ. ಅವಕ್ಕೆ ಹಿಡಿತವೇ ಇಲ್ಲ. ಹಾಗಾಗಿ ಎತ್ತುವ ಮೊದಲೇ ಮುಂದಿನ ಎರಡೂ ಚಕ್ರಕ್ಕೆ, ಹಿಂದೆ ಮುಂದೆ, ಕಟ್ಟಿಗೆಯ ತುಂಡು ಬಿಗಿಯಾಗಿ ಕೊಡಿ. ಗುಂಡು ಕಲ್ಲು ಕೊಡಬೇಡಿ, ಉರುಳಿ ಹೋಗುತ್ತೆ. ವೀಲ್ ನಟ್ ಕೂಡ ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಮೇಲೆ ಎತ್ತಿದ ಮೇಲೆ ರಾಡ್ ಹಾಕಿ ಜಗ್ಗಿದರೆ ಗಾಡಿಯೇ ಜಗ್ಗಿದ ಹಾಗೆ.

ಪ್ರಶ್ನೆ (ಚಿಂಚೋಳಿಯಿಂದ): ನಮ್ಮೂರಲ್ಲಿ ಜೆಸಿಬಿ ಬಕೆಟ್‌ಗೆ ಚೈನ್ ಕಟ್ಟಿ ಎತ್ತಿ ಕೆಲಸ ಮಾಡುತ್ತಾರೆ. ಜಾಕ್‌ಗಿಂತ ಅದೇ ಗಟ್ಟಿ ಅಲ್ವಾ ಅಣ್ಣಾ?

ಉತ್ತರ: ಎತ್ತಲು ಬಳಸಿ, ಬೇಡ ಅನ್ನಲ್ಲ. ಆದರೆ ಅದೂ ಎಣ್ಣೆಯ ಒತ್ತಡದ ಮೇಲೇ ನಿಂತಿರೋದು. ಪೈಪ್ ಒಡೆದರೆ, ಚೈನ್ ಜಾರಿದರೆ, ಡ್ರೈವರ್ ಕೈ ಲಿವರ್‌ಗೆ ತಾಗಿದರೆ, ಕೆಳಗಿದ್ದವನಿಗೆ ಹೊರಳಲೂ ಟೈಮ್ ಇರಲ್ಲ. ಎತ್ತಿದ ಕೂಡಲೇ ಚಾಸಿಗೆ ಸ್ಟ್ಯಾಂಡ್ ಕೊಡಿ, ಭಾರ ಅದರ ಮೇಲೆ ಬಿಡಿ, ಜೆಸಿಬಿಯನ್ನು ದೂರ ಕಳಿಸಿ. ಆಮೇಲೆ ಕೆಳಗೆ ಹೋಗಿ.

ಮೊದಲು ಕೇಳಿದವರು: ಉಸ್ತಾದ್, ಫರಸಿ ತಟ್ಟಿ ನೋಡಿದೆ. ಮೂರು ಹಾಸು ಡಬ್ ಅಂತಿವೆ. ಪಕ್ಕದವರ ಗೋದಾಮಿನ ಮುಂದೆ ಕಾಂಕ್ರೀಟ್ ಇದೆ, ಅಲ್ಲೇ ಮಾಡುತ್ತೇವೆ. ಸ್ಟ್ಯಾಂಡೂ ಸಿಕ್ಕಿತು. ಬೇರೆ ಏನಾದರೂ?

ಉತ್ತರ: ಬಹಳ ಒಳ್ಳೆಯದಾಯ್ತು. ಎರಡು ಮಾತು. ಪಾಟಾಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡೂ ಕಡೆ ಕ್ಲಾಂಪ್ ಹಾಕಿ ಬಿಗಿ ಮಾಡಿ. ಒತ್ತಿ ಕಟ್ಟಿದ ಪಾಟಾಗಳು ಬಿಟ್ಟ ಕೂಡಲೇ ಚಿಮ್ಮುತ್ತವೆ, ಮುಖ ಅದರ ಎದುರಿಗೆ ಇರಬಾರದು. ಯು ಬೋಲ್ಟ್ ಹಳೇದು ಹಾಕಬೇಡಿ, ಹೊಸದು ತನ್ನಿ. ಗಾಡಿ ಚಕ್ರದ ಮೇಲೆ ನಿಂತ ಮೇಲೆ ಕೊನೆಯ ಬಿಗಿ ಕೊಡಿ, ಲೋಡ್ ಹಾಕಿ ಒಂದೆರಡು ಟ್ರಿಪ್ ಆದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ. ತಮ್ಮನಿಗೆ ಹೊರಗೇ ನಿಂತಿರಲು ಹೇಳಿ, ಇಬ್ಬರೂ ಒಟ್ಟಿಗೆ ಒಳಗೆ ಹೋಗಬೇಡಿ. ಬೆಳಿಗ್ಗೆ ಬೇಗ ಶುರು ಮಾಡಿ, ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಮುಟ್ಟಲು ಆಗಲ್ಲ. ಮುಗಿದ ಮೇಲೆ ಇಲ್ಲೇ ಒಂದು ಮಾತು ಹಾಕಿ, ಕಾಯುತ್ತಿರುತ್ತೇನೆ.