ಅಪ್ಪನ ಎರಡು ಮಂಡಿ ಆಪರೇಷನ್, ಕಂಪನಿ ಪಾಲಿಸಿ 5 ಲಕ್ಷ. ಸಾಕಾ?

ಹೊಸಬ: ಅಪ್ಪಂಗೆ 67, ಶುಗರ್ ಇದೆ. ಎರಡೂ ಮಂಡಿ ಬದಲಿಸ್ಬೇಕು ಅಂದಿದ್ದಾರೆ. ನಮ್ಮ ಕಂಪನಿ ಗ್ರೂಪ್ ಪಾಲಿಸಿಯಲ್ಲಿ ಅವ್ರಿಗೆ 5 ಲಕ್ಷ, ರೂಮ್ ಬಾಡಿಗೆ ದಿನಕ್ಕೆ ಅದರ ಶೇ. 1ರವರೆಗೆ ಮಾತ್ರ. ಹೊಸದೊಂದು ಪಾಲಿಸಿ ತಗೊಳ್ಳೋದಾ? ಗೊತ್ತಿರೋರು ಹೇಳಿ.

ಬಿಲ್ಲುವಿದ್ಯೆ: 5 ಲಕ್ಷ ಬಿಡಿ, ಆ ಶೇ. 1 ನೋಡಿ. ದಿನಕ್ಕೆ 5,000. 8,000ದ ರೂಮ್ ಹಿಡಿದ್ರೆ ದಿನಕ್ಕೆ 3,000 ತಾನೇ ಹೋಗೋದು ಅಂದ್ಕೋತಾರೆ. ಅಲ್ಲ! 8,000ಕ್ಕೆ 5,000 ಅಂದ್ರೆ ಶೇ. 62.5. ಸರ್ಜನ್, ಅರಿವಳಿಕೆ, ಓಟಿ, ನರ್ಸಿಂಗ್, ಎಲ್ಲದರಲ್ಲೂ ಅಷ್ಟೇ ಕೊಡೋದು. ಇವೆಲ್ಲ ಸೇರಿ 1,60,000 ಆದ್ರೆ ಸಿಗೋದು 1,00,000. 60,000 ನಿಮ್ಮ ಜೇಬಿಂದ, ನಾಲ್ಕು ದಿನದ ರೂಮಿನ ವ್ಯತ್ಯಾಸ 12,000 ಬೇರೆ. ಕೈಗವಸು, ಮಾಸ್ಕ್‌ ಥರದ್ದು ಬೇರೆ. ಅದಕ್ಕೇ ನಾನು ರೂಮ್ ಬಾಡಿಗೆಗೆ ಕ್ಯಾಪ್ (ಮಿತಿ) ಇಲ್ಲದ ಪಾಲಿಸಿನೇ ಇಟ್ಕೊಂಡಿರೋದು. ಪ್ರೀಮಿಯಂ ಹೊರೆನೇ, ಆದ್ರೂ ನಿದ್ದೆ ಬರುತ್ತೆ.

ಕೌಂಟರ್ ನಾಲ್ಕು: ಅರ್ಧ ಹೇಳಿ ಹೆದರಿಸ್ಬೇಡಿ ಸ್ವಾಮಿ. ಔಷಧಿ, ಇಂಪ್ಲಾಂಟ್, ಲ್ಯಾಬು, ಸ್ಕ್ಯಾನಿಗೆ ಈ ಕತ್ತರಿ ಹಾಕೋ ಹಾಗಿಲ್ಲ. ಐಸಿಯುಗೂ ಇಲ್ಲ. 2020ರಲ್ಲೇ ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದೆ. ರೂಮಿಗೆ ತಕ್ಕಂತೆ ಸರ್ಜನ್ ಫೀಸ್ ಬದಲಾಗದ ಆಸ್ಪತ್ರೆಯಲ್ಲೂ ಇಲ್ಲ. ಅಡ್ಮಿಟ್ ಆಗೋ ಮುಂಚೆ ಬಿಲ್ಲಿಂಗಲ್ಲಿ ಒಂದೇ ಪ್ರಶ್ನೆ ಕೇಳಿ: ರೂಮ್ ಬದಲಾದ್ರೆ ರೇಟ್ ಬದಲಾಗುತ್ತಾ? ಆಗುತ್ತೆ ಅಂದ್ರೆ 5,000ದೊಳಗಿನ ರೂಮೇ ಹಿಡೀರಿ. ಖಾಲಿ ಇಲ್ಲ ಅಂತ ಮೇಲಿನದಕ್ಕೆ ಹಾಕಿದ್ರೆ ಅದನ್ನ ಬರೆಸ್ಕೊಳ್ಳಿ.

ಹಳೇಕಂತು: ಯಾರೂ ಸೂಪರ್ ಟಾಪ್‌ಅಪ್ ಸುದ್ದಿನೇ ಎತ್ತಲ್ವಲ್ಲ! ಇರೋ ಪಾಲಿಸಿ ಮೇಲೆ ಹಾಕ್ಕೊಳ್ಳೋ ಹೆಚ್ಚುವರಿ ವಿಮೆ ಅದು. ಒಂದೊಂದು ಮಂಡಿಗೆ 4 ಲಕ್ಷ, ಎರಡೂ ಒಂದೇ ವರ್ಷದಲ್ಲಿ ಅನ್ಕೊಳ್ಳಿ. 5 ಲಕ್ಷ ಡಿಡಕ್ಟಿಬಲ್ (ಖರ್ಚು ಅಷ್ಟು ದಾಟಿದ್ಮೇಲೇ ಕೊಡೋದು) ಇರೋ ಬರೀ ಟಾಪ್‌ಅಪ್ ಒಂದು ಪೈಸೆ ಕೊಡಲ್ಲ, ಅದು ಒಂದೊಂದೇ ಕ್ಲೇಮ್ ನೋಡೋದು. ಸೂಪರ್ ಆದ್ರೆ ವರ್ಷದ ಒಟ್ಟು 8 ಲಕ್ಷ ನೋಡಿ 3 ಲಕ್ಷ ಕೊಡುತ್ತೆ. ಹೆಸರಲ್ಲಿ ಒಂದೇ ಪದ ವ್ಯತ್ಯಾಸ, ಏಜೆಂಟ್‌ಗಳಿಗೇ ಗೊತ್ತಿರಲ್ಲ.

ಬಿಲ್ಲುವಿದ್ಯೆ: ಇವತ್ತು ತಗೊಂಡು ನಾಳೆ ಕೊಡುತ್ತಾ? ಮಂಡಿ ಬದಲಾವಣೆಗೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು, ಹಳೇ ಶುಗರ್‌ಗೆ 36ರವರೆಗೂ ಹಾಕಬಹುದು. ಸೂಪರ್ರಿಗೂ ಇದೇ ಗತಿ.

ಹಳೇಕಂತು: ಕ್ಯಾಪ್ ಇಲ್ಲದ ನಿಮ್ಮ ಪಾಲಿಸಿ ಮಾತ್ರ ನಾಳೆನೇ ಕೊಡುತ್ತೇನೋ!

ಕೌಂಟರ್ ನಾಲ್ಕು: ಇಬ್ರೂ ಸುಮ್ನಿರಿ. ಈ ಆಪರೇಷನ್‌ಗೆ ಹೊಸ ಪಾಲಿಸಿ ಯಾವುದೂ ಆಗಲ್ಲ. ಗ್ರೂಪಲ್ಲಿ ಕಾಯೋ ಅವಧಿ ಮನ್ನಾ ಇದ್ಯಾ ಅಂತ ಎಚ್‌ಆರ್ ಹತ್ರ ಕೇಳಿ, ಒಂದು ಮಂಡಿ ಈ ಪಾಲಿಸಿ ವರ್ಷ, ಇನ್ನೊಂದು ನವೀಕರಣ ಆದ್ಮೇಲೆ ಮಾಡಿಸಿದ್ರೆ ಎರಡು ಸಲ ಐದೈದು ಲಕ್ಷ ಸಿಗುತ್ತೆ. ಅಷ್ಟರಲ್ಲಿ ಕೆಲಸ ಬಿಡ್ಬೇಡಿ. ಮುಂದಕ್ಕೆ ಅಂತ ಹೊಸದು ತಗೊಂಡ್ರೆ ಶುಗರ್ ಮುಚ್ಚಿಡ್ಬೇಡಿ. ಡ್ಯೂಟಿ ಡಾಕ್ಟ್ರು ಎಷ್ಟು ವರ್ಷದಿಂದ ಅಂತಾರೆ, ಮನೆಯವ್ರು ಬಾಯಿಗೆ ಬಂದಂಗೆ 'ಒಂದ್ ಹತ್ತು' ಅಂತಾರೆ. ಕೇಸ್ ಶೀಟಲ್ಲಿ 'ಡಿಎಂ (ಅಂದ್ರೆ ಶುಗರ್) 10 ವರ್ಷ' ಅಂತ ಕೂರುತ್ತೆ, ಫಾರ್ಮಲ್ಲಿ ಮೂರು ಅಂತಿರುತ್ತೆ. ಕ್ಲೇಮ್ ಅಲ್ಲೇ ಮಲಗುತ್ತೆ. ಶುಗರ್ ಮೊದಲು ಗೊತ್ತಾದ ರಿಪೋರ್ಟ್ ಜೊತೆಗಿಟ್ಕೊಂಡು ಹೋಗಿ.

ಅರಳಿಕಟ್ಟೆ: ಇಷ್ಟೆಲ್ಲಾ ಯಾಕ್ರೀ, ಆಯುಷ್ಮಾನ್ ಕಾರ್ಡಿಗೆ ಆಧಾರ್ ಒಂದು ಸಾಕು. 5 ಲಕ್ಷ, ಆದಾಯದ ಮಿತಿನೂ ಇಲ್ಲ.

ಹಳೇಕಂತು: ಅದು 70 ತುಂಬಿದೋರಿಗೆ ಕಣ್ರೀ. ಅವ್ರ ಅಪ್ಪಂಗೆ 67, ಮೊದ್ಲು ಪ್ರಶ್ನೆ ಓದಿ.

ಅರಳಿಕಟ್ಟೆ: ಬಿಪಿಎಲ್ ಇದ್ರೆ ವಯಸ್ಸು ಯಾರು ಕೇಳ್ತಾರೆ? ಎಪಿಎಲ್‌ಗೂ ನಮ್ಮ ರಾಜ್ಯದಲ್ಲಿ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲು ತಗೊಳ್ಳಿ, ಅಡ್ಮಿಟ್ ಆದ್ಮೇಲೆ ಓಡಾಡಿ ಪ್ರಯೋಜನ ಇಲ್ಲ. ಇನ್ಶೂರೆನ್ಸ್ ನಂಬ್ಕೊಂಡ್ರೆ ಬೆಳಿಗ್ಗೆ ಡಿಸ್ಚಾರ್ಜ್ ಅಂದೋರು ಸಂಜೆವರೆಗೂ ಕೂರಿಸ್ತಾರೆ.

ಬಿಲ್ಲುವಿದ್ಯೆ: 2024ರಿಂದ ಡಿಸ್ಚಾರ್ಜ್‌ಗೆ ವಿಮಾ ಕಂಪನಿ ಮೂರೇ ಗಂಟೆಯಲ್ಲಿ ಒಪ್ಪಿಗೆ ಕೊಡ್ಬೇಕು. ತಡವಾಗಿದ್ದಕ್ಕೆ ಆಸ್ಪತ್ರೆ ಹಾಕೋ ಹೆಚ್ಚುವರಿ ಚಾರ್ಜು ವಿಮಾ ಕಂಪನಿದೇ.

ಅರಳಿಕಟ್ಟೆ: ಕಾಗದದಲ್ಲಿ.

ಕೌಂಟರ್ ನಾಲ್ಕು: ಆ ಮೂರು ಗಂಟೆ ಶುರುವಾಗೋದು ಡಾಕ್ಟ್ರು 'ಮನೆಗೆ ಹೋಗಿ' ಅಂದಾಗಲ್ಲ, ಆಸ್ಪತ್ರೆ ವಿಮಾ ಕಂಪನಿಗೆ ಕೋರಿಕೆ ಕಳಿಸಿದಾಗ. ಫೈನಲ್ ಬಿಲ್ ಫಾರ್ಮಸಿ ವಾಪಸಾತಿಗೆ ಕಾಯ್ತಾ ಇರುತ್ತೆ. ಉಳಿದ ಇಂಜೆಕ್ಷನ್ನು, ಡ್ರಿಪ್ಪು ಹಿಂದಿನ ರಾತ್ರಿನೇ ನರ್ಸ್ ಹತ್ರ ಹೇಳಿ ವಾಪಸ್ ಕಳಿಸ್ಬಿಡಿ.