ಸೇನೆಯ ಸರಬರಾಜು ಲೆಕ್ಕ ಕಂಪ್ಯೂಟರಿಗೆ ಹೋದ ಕಥೆ: ಸೆಮಿನಾರ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಕಲಬುರಗಿಯ ಎಂ.ಎಸ್ಸಿ. ಗಣಿತ ವಿದ್ಯಾರ್ಥಿ:
ಈ ವಿಷಯದ ಮೇಲೆ ಸೆಮಿನಾರ್ ಕೊಡಬೇಕು. ಹಲವು ಮಿತಿಗಳೊಳಗೆ ಎಲ್ಲಕ್ಕಿಂತ ಒಳ್ಳೆಯ ಉತ್ತರ ಹುಡುಕುವ ಸಿಂಪ್ಲೆಕ್ಸ್ ವಿಧಾನ ಗೊತ್ತು. ಆದರೆ ಬರೀ ಸೂತ್ರ ಬರೆದರೆ ಎಲ್ಲರೂ ತೂಕಡಿಸ್ತಾರೆ. ಬಲ್ಲವರು ಹೇಳಿ.

ಬೀದರ್‌ನ ಕಾಲೇಜು ಮಾಸ್ತರು:
ತಮ್ಮಾ, ಊಟದಿಂದ ಶುರು ಮಾಡು. ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಅಮೆರಿಕದ ವಾಯುಪಡೆಯಲ್ಲಿದ್ದಾಗ, 1947ರಲ್ಲಿ, ಸಿಂಪ್ಲೆಕ್ಸ್ ಕಂಡುಹಿಡಿದರು. ಅದನ್ನು ಓಡಿಸಲು ಕಂಪ್ಯೂಟರೇ ಇರಲಿಲ್ಲ. ಪರೀಕ್ಷೆಗೆ ಅರ್ಥಶಾಸ್ತ್ರಜ್ಞ ಸ್ಟಿಗ್ಲರ್ ಅವರ ಲೆಕ್ಕ ತೆಗೆದುಕೊಂಡರು: 77 ಆಹಾರ, 9 ಪೋಷಕಾಂಶ, ಎಲ್ಲಕ್ಕಿಂತ ಅಗ್ಗದ ಊಟ ಯಾವುದು? 9 ಗುಮಾಸ್ತರು ಮೇಜಿನ ಕ್ಯಾಲ್ಕುಲೇಟರ್ ಹಿಡಿದು ಕೂತರು. ಒಬ್ಬನೇ ಮಾಡಿದ್ದರೆ 120 ದಿನದ ಕೆಲಸ! ಬಂದ ಉತ್ತರ ವರ್ಷಕ್ಕೆ 39.69 ಡಾಲರ್. ಸ್ಟಿಗ್ಲರ್ ಬರೀ ಅಂದಾಜಿನಲ್ಲೇ 39.93 ಅಂದಿದ್ದರು. ಆ 24 ಸೆಂಟ್ ಬೋರ್ಡ್ ಮೇಲೆ ಬರೆ, ಯಾರು ತೂಕಡಿಸ್ತಾರೆ ನೋಡೋಣ.

ವಾಯುಪಡೆಯ ಯೋಜನೆ ಇದಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಈ ಲೆಕ್ಕ ಮಾಡುತ್ತಿದ್ದ ವಾಯುಪಡೆಯ 'ಸ್ಕೂಪ್' ತಂಡದವರು ಎಲ್ಲಕ್ಕಿಂತ ಒಳ್ಳೆಯ ಉತ್ತರದ ಆಸೆ ಸದ್ಯಕ್ಕೆ ಬಿಟ್ಟು 'ತ್ರಿಕೋನ ಮಾದರಿ' ಮಾಡಿದರು. ಮೇಲಿನ ಸಾಲಿನಲ್ಲಿ ಎಷ್ಟು ಹಾರಾಟ ಬೇಕು ಅಂತ. ಅದರಿಂದ ಎಷ್ಟು ವಿಮಾನ, ಎಷ್ಟು ಸಿಬ್ಬಂದಿ. ಅದರಿಂದ ಎಷ್ಟು ತರಬೇತಿ, ಇಂಧನ, ಬಿಡಿಭಾಗ. ಪ್ರತಿ ಸಾಲಿಗೂ ತನ್ನ ಮೇಲಿನ ಸಾಲುಗಳು ಗೊತ್ತಿದ್ದರೆ ಸಾಕು. ತೂತು ಕೊರೆದ ಕಾರ್ಡ್ ಓದುವ ಪಂಚ್ ಕಾರ್ಡ್ ಯಂತ್ರದಲ್ಲೂ ಮುಗಿಯುವ ಕೆಲಸ. ಯೂನಿವ್ಯಾಕ್ ಕಂಪ್ಯೂಟರ್ ಅವರ ಕೈಗೆ ಬಂದದ್ದು 1952ರಲ್ಲಿ. ನನ್ನ ಮಟ್ಟಿಗೆ ಸಿಂಪ್ಲೆಕ್ಸ್‌ಗಿಂತ ಈ ತ್ರಿಕೋನವೇ ಜಾಸ್ತಿ ಜಾಣತನದ್ದು.

ಬೀದರ್, ವಾಯುಪಡೆ ಸ್ಟೋರ್ಸ್‌ನಲ್ಲಿದ್ದ ನಿವೃತ್ತರು:
ಮಾಸ್ತರೇ, ತಿಂಗಳುಗಳ ಮಾತು ಬಿಟ್ಟಿರಲ್ಲ. ಸ್ಕೂಪ್‌ನವರು 1948ರ ಬರ್ಲಿನ್ ಏರ್‌ಲಿಫ್ಟನ್ನೇ, ಅಂದರೆ ದಾರಿ ಮುಚ್ಚಿದ ಬರ್ಲಿನ್‌ಗೆ ವಿಮಾನದಲ್ಲಿ ಸಾಮಾನು ಸಾಗಿಸಿದ್ದನ್ನೇ, ಉದಾಹರಣೆಯಾಗಿ ಮಾಡಿದ್ದರು. ಇದ್ದಬದ್ದ ಪೈಲಟ್‌ಗಳನ್ನೆಲ್ಲ ಸಾಮಾನು ಸಾಗಿಸಲು ಕಳಿಸಿದರೆ ಹೊಸಬರಿಗೆ ಕಲಿಸೋರು ಯಾರು? ಈ ತಿಂಗಳು ಸಾಮಾನು ಜಾಸ್ತಿ ತಲುಪುತ್ತದೆ, ಮುಂದೆ ವಿಮಾನ ಇದ್ದರೂ ಹಾರಿಸೋರಿಲ್ಲ. ಕೋಷ್ಟಕದಲ್ಲಿ ಒಂದೊಂದು ಅವಧಿಗೂ ಬೇರೆ ಕಾಲಂ ಎಳೆಯಪ್ಪಾ.

ಕಲಬುರಗಿ, ದಾಲ್ ಮಿಲ್ ಲೆಕ್ಕ ಬರೆಯುವವನು:
ಸೇನೆ ನಂಗೊತ್ತಿಲ್ಲ. ಗೋಡೌನಿನಿಂದ ತೊಗರಿ ಚೀಲ ತರಿಸಲು ಕಡಿಮೆ ಖರ್ಚಿನ ದಾರಿ ಹುಡುಕಿಕೊಡುವ ಎಕ್ಸೆಲ್‌ನ ಸಾಲ್ವರ್ ಬಳಸ್ತೀನಿ. ಅದು ಯಾವಾಗಲೂ ಸೇಡಂ ರಸ್ತೆಯನ್ನೇ ಹಿಡಿಯುತ್ತೆ, ಬಾಡಿಗೆ ಕಡಿಮೆ ಅಲ್ವಾ. ಮಳೆಗಾಲದಲ್ಲಿ ಕಾಗಿಣಾ ನದಿ ತುಂಬಿ ಆ ರಸ್ತೆಯ ಮಳಖೇಡದ ಸೇತುವೆ ಮುಳುಗಿದರೆ ಅದಕ್ಕೇನು ಗೊತ್ತು? ಆಗ ಆ ದಾರಿಯ ಬಾಡಿಗೆ ಜಾಗದಲ್ಲಿ ಸುಮ್ನೆ ಹತ್ತು ಲಕ್ಷ ಅಂತ ಹಾಕ್ತೀನಿ. ತಾನೇ ಬೇರೆ ದಾರಿ ಹುಡುಕುತ್ತೆ. ಸೆಮಿನಾರ್‌ನಲ್ಲಿ ಮಾಡಿ ತೋರಿಸೋಕೆ ಫೈಲ್ ಬೇಕಿದ್ದರೆ ಹೇಳಿ, ಕಳಿಸ್ತೀನಿ.